ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಸಿಗುವ ಅಡ್ಡರಸ್ತೆ ಹೊರವಲಯದಲ್ಲಿ ಯಾಕೆ ಸಿಗಲ್ಲ? ಈ ಬದಲಾವಣೆಯನ್ನು ಅಳೆಯುವುದು ಹೇಗೆ?

ಮಲ್ಲೇಶ್ವರ, ಬಸವನಗುಡಿ 1898ರ ಪ್ಲೇಗ್ ಕಾಲದಲ್ಲಿ ಬೆಳೆದ ಬಡಾವಣೆಗಳು. ಅಲ್ಲಿ ಮೊದಲು ರಸ್ತೆ, ಆಮೇಲೆ ಸೈಟು. ಹೊರವಲಯದ ಸರ್ಜಾಪುರ ರಸ್ತೆಯ ಕಡೆ ಬಹಳಷ್ಟು ಜಾಗದಲ್ಲಿ ಆದದ್ದು ಉಲ್ಟಾ: ಒಂದೊಂದು ಸರ್ವೆ ನಂಬರೂ ಒಂದೊಂದು ಲೇಔಟ್. ಎರಡೆಕರೆ ಹೊಲದ ನಡುವೆ ಒಂದು ರಸ್ತೆ, ಅದರ ತುದಿಗೆ ಪಕ್ಕದವರ ಕಾಂಪೌಂಡು. ಹಿಂದಿನ ಬೀದಿಗೆ ಹೋಗಲೂ ಮುಖ್ಯರಸ್ತೆಗೇ ಬರಬೇಕು, ಟ್ರಾಫಿಕ್ಕೆಲ್ಲ ಅಲ್ಲೇ ಸೇರುತ್ತದೆ.

ಅಳೆಯಲು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ಆನ್‌ಲೈನ್ ನಕ್ಷೆ ಸಾಕು. ಪ್ರತಿ ಕೂಡುರಸ್ತೆಯಲ್ಲಿ ಎಷ್ಟು ದಾರಿ ಸೇರುತ್ತವೆ ಎಣಿಸಿ: ಮುಚ್ಚಿದ ತುದಿಗೆ 1, ಟಿ ಆಕಾರಕ್ಕೆ 3, ಚೌಕಕ್ಕೆ 4. ಬರೀ ತಿರುವುಗಳನ್ನು (2) ಮೊದಲೇ ತೆಗೆದುಹಾಕಿ, ಇಲ್ಲದಿದ್ದರೆ ಸರಾಸರಿ ಕೆಡುತ್ತದೆ. ಸರಾಸರಿ ಕಡಿಮೆಯಾದಷ್ಟೂ ರಸ್ತೆಗಳ ನಡುವಿನ ಸಂಪರ್ಕ ಕಡಿಮೆ. ಅದರ ಜೊತೆಗೆ ಮುಚ್ಚಿದ ತುದಿಗಳ ಶೇಕಡಾವಾರನ್ನೂ ನೋಡಿ.

ಕಾಲದ ಲೆಕ್ಕದಲ್ಲೇ ಹೆಚ್ಚು ಜನ ಎಡವುವುದು. ನಕ್ಷೆಗೆ ರಸ್ತೆ ಸೇರಿಸಿದ ವರ್ಷ ಅದನ್ನು ಹಾಕಿದ ವರ್ಷವಲ್ಲ. ಒಮ್ಮೆ ಬಿದ್ದ ರಸ್ತೆ ಸಾಮಾನ್ಯವಾಗಿ ಜಾಗ ಬದಲಿಸುವುದಿಲ್ಲ. ಹಾಗಾಗಿ ಇಂದಿನ ರಸ್ತೆಗಳನ್ನೇ ಇಟ್ಟುಕೊಂಡು, ಲ್ಯಾಂಡ್‌ಸ್ಯಾಟ್ ಉಪಗ್ರಹದ ಹಳೆಯ ಚಿತ್ರಗಳಲ್ಲಿ ಆ ಜಾಗ ಯಾವ ದಶಕದಲ್ಲಿ ಕಟ್ಟಡವಾಯಿತು ಎಂದು ಗುರುತಿಸಿ, ದಶಕವಾರು ವಿಂಗಡಿಸಿ.

ಗೇಟು ಹಾಕಿದ ರಸ್ತೆಗಳನ್ನು ಸೇರಿಸಿಯೂ ಬಿಟ್ಟೂ ಎರಡು ಸಲ ಲೆಕ್ಕ ಹಾಕಿ. ನಕ್ಷೆಯನ್ನು ನೀವು ಅಳೆಯುವ ಪ್ರದೇಶದ ಗಡಿಯಿಂದ ಒಂದು ಕಿಲೋಮೀಟರ್ ಆಚೆಗೆ ಕತ್ತರಿಸಿ, ಎಣಿಸುವುದು ಮಾತ್ರ ಗಡಿಯೊಳಗೆ. ಗಡಿಯಲ್ಲೇ ಕತ್ತರಿಸಿದರೆ ತೆರೆದ ರಸ್ತೆಗಳೂ ಮುಚ್ಚಿದ ತುದಿಗಳಾಗಿ ಎಣಿಕೆಯಾಗುತ್ತವೆ.