ಕತ್ತರಿ ಕೈಗೆ ಕೂರುವ ಮೊದಲೇ ಟ್ಯಾಬ್ಲೆಟ್ ಯಾಕೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಕೇಳುವ ಧಾಟಿ ಬೇರೆ ಬೇರೆ, ಅಷ್ಟೆ. ಹೋದ ಸಲವೂ ಇದೇ, ಅದರ ಹಿಂದಿನ ಸಲವೂ ಇದೇ. ಹಾಗಾಗಿ ಇವತ್ತು ಅದಕ್ಕೇ ಜಾಗ ಜಾಸ್ತಿ. ಉಳಿದವರು ಬೇಸರ ಮಾಡಿಕೊಳ್ಳಬೇಡಿ, ಮಾಡಿಕೊಂಡರೂ ಪರವಾಗಿಲ್ಲ.

ಪ್ರಶ್ನೆ: ನಮ್ಮ ಸಲೂನಿನಲ್ಲಿ 12 ಮಂದಿ ಅಪ್ರೆಂಟಿಸ್‌ಗಳಿದ್ದಾರೆ, ಕಲಿಸುವ ಸೀನಿಯರ್‌ಗಳು ಇಬ್ಬರೇ. ಈ ವರ್ಷದಿಂದ ಇ-ಲರ್ನಿಂಗ್ ಶುರು ಮಾಡಬೇಕು ಅಂತಿದೆ. ಒಬ್ಬರು ಬಂದು ಪ್ಲಾಟ್‌ಫಾರ್ಮ್, ಎಲ್ಲರಿಗೂ ಒಂದೊಂದು ಟ್ಯಾಬ್ಲೆಟ್, ಜೊತೆಗೆ ವಿಆರ್ ಕನ್ನಡಕ, ಎಲ್ಲ ಸೇರಿಸಿ ಪ್ಯಾಕೇಜ್ ಕೊಡುತ್ತೇವೆ ಅಂದಿದ್ದಾರೆ. ಮೊದಲು ಯಾವುದನ್ನು ಕೊಳ್ಳೋಣ?

ಉತ್ತರ: ಯಾವುದನ್ನೂ ಬೇಡ.

ಪ್ಯಾಕೇಜ್ ತಂದವರಿಗೆ ಒಂದೇ ಒಂದು ಮಾತು ಕೇಳಿ ನೋಡಿ. ಒದ್ದೆ ಕೂದಲನ್ನು ಎರಡು ಬೆರಳಿನ ನಡುವೆ ಹಿಡಿದು ಎಳೆದಾಗ ಎಳೆತ ಜಾಸ್ತಿಯಾಯಿತು ಅಂತ ಬೆರಳಿಗೆ ಗೊತ್ತಾಗುತ್ತದಲ್ಲ, ಅದನ್ನು ಈ ಕನ್ನಡಕ ಹೇಗೆ ಕಲಿಸುತ್ತದೆ? ಚೆನ್ನಾಗಿರುವ ಕೂದಲು ಒದ್ದೆಯಾಗಿದ್ದಾಗ ಎಳೆದರೆ ಹೆಚ್ಚುಕಡಿಮೆ ಶೇ 30ರಷ್ಟು ಹಿಗ್ಗುತ್ತದೆ. ಹಿಗ್ಗಿಸಿ ಹಿಡಿದು ಹುಬ್ಬಿನ ಮಟ್ಟಕ್ಕೆ ಕತ್ತರಿಸಿದ ಫ್ರಿಂಜ್, ಅಂದರೆ ಹಣೆ ಮೇಲಿನ ಕೂದಲು, ಒಣಗಿದ ಮೇಲೆ ಹಣೆಯ ಅರ್ಧಕ್ಕೆ ಹೋಗಿ ಕೂರುತ್ತದೆ. ಕುರ್ಚಿಯಲ್ಲಿ ಕೂತವರು ಕನ್ನಡಿ ನೋಡಿ ಮಾತಾಡುವುದನ್ನೇ ನಿಲ್ಲಿಸುತ್ತಾರೆ. ಆ ಮೌನದಿಂದ ಕಲಿಯುವ ಪಾಠ ಯಾವ ಪರದೆಯಲ್ಲೂ ಸಿಗುವುದಿಲ್ಲ.

ಹಾಗಂತ ನಾನು ತಂತ್ರಜ್ಞಾನದ ವಿರೋಧಿಯೇನಲ್ಲ. ಹನ್ನೆರಡು ಜನಕ್ಕೆ ಇಬ್ಬರೇ ಸೀನಿಯರ್‌ಗಳಿದ್ದಾಗ ಅದು ಬೇಕೇ ಬೇಕು. ಆದರೆ ನೀವು ಹಿಂದುಮುಂದಾಗಿ ಹೊರಟಿದ್ದೀರಿ. ಮೊದಲು ಒಂದು ಹಾಳೆ ತಗೊಂಡು ಮಧ್ಯೆ ಗೆರೆ ಎಳೆಯಿರಿ. ಅಪ್ರೆಂಟಿಸ್ ಮೊದಲ ವರ್ಷದಲ್ಲಿ ಕಲಿಯಬೇಕಾದ ಕೆಲಸಗಳನ್ನೆಲ್ಲ ಒಂದೊಂದಾಗಿ ಬರೆಯಿರಿ. ನಿಂತು, ಕೈಯಲ್ಲೇ ಕಲಿಯಬೇಕಾದದ್ದು ಎಡಕ್ಕೆ, ಕೂತು ಕಲಿಯಬಹುದಾದದ್ದು ಬಲಕ್ಕೆ. ತಲೆ ತೊಳೆಯುವುದು, ಬಾಚಣಿಗೆಯ ಬಾಲದಿಂದ ನೇರ ಬೈತಲೆ ತೆಗೆಯುವುದು, ಬ್ಲೋ ಡ್ರೈ, ಎಲ್ಲ ಎಡಕ್ಕೆ. ಬಲಗಡೆಯ ಪಟ್ಟಿ ನೀವು ಅಂದುಕೊಂಡದ್ದಕ್ಕಿಂತ ಉದ್ದ ಆಗುತ್ತದೆ, ನೋಡಿ. ಇ-ಲರ್ನಿಂಗ್‌ನ ಕೆಲಸ ಶುರುವಾಗುವುದೇ ಅಲ್ಲಿಂದ.

ಕಲರ್ ಕೆಲಸವನ್ನೇ ತಗೊಳ್ಳಿ. ಡೆವಲಪರ್, ಅಂದರೆ ಕಲರ್ ಜೊತೆ ಬೆರೆಸುವ ಪೆರಾಕ್ಸೈಡ್ ದ್ರಾವಣ, ಅದರ ಬಾಟಲಿ ಮೇಲೆ 20 ವಾಲ್ಯೂಮ್ ಅಂತ ಇರುತ್ತದೆ, ಪಕ್ಕದಲ್ಲಿ 6% ಅಂತ ಇರುತ್ತದೆ. ಎರಡೂ ಒಂದೇ ಅಂತ ಎಷ್ಟು ಅಪ್ರೆಂಟಿಸ್‌ಗಳಿಗೆ ಗೊತ್ತು? ಒಂದು ಲೀಟರ್ ದ್ರಾವಣದಿಂದ 20 ಲೀಟರ್ ಆಕ್ಸಿಜನ್ ಹೊರಗೆ ಬರುತ್ತದೆ ಅಂತ ಅದರ ಅರ್ಥ. 10 ಅಂದರೆ 3%, 30 ಅಂದರೆ 9%, 40 ಅಂದರೆ 12%. 9% ಇರುವುದು 60 ಮಿಲಿ, 3% ಇರುವುದು 60 ಮಿಲಿ ಸೇರಿಸಿದರೆ ಎಷ್ಟಾಗುತ್ತದೆ? 6% ಇರುವ 120 ಮಿಲಿ. ಇಂಥ ಲೆಕ್ಕವನ್ನು ಶನಿವಾರದ ಗದ್ದಲದಲ್ಲಿ ಸೀನಿಯರ್ ನಿಂತು ಹೇಳಿಕೊಡುವುದು ವೇಸ್ಟ್. ಫೋನಿನಲ್ಲಿ ಐದು ಪ್ರಶ್ನೆ ಕಳಿಸಿ, ಸಾಕು. ಹಳದಿ ಛಾಯೆಗೆ ನೇರಳೆ, ಕಿತ್ತಳೆಗೆ ನೀಲಿ, ಯಾವ ತಲೆ ಮೇಲೆ ಕೆಮಿಕಲ್ ಹಾಕಲೇಬಾರದು, ಗುಂಗುರು ಮಾಡುವ ಪರ್ಮ್ ಲೋಷನ್ ಕೂದಲಿನೊಳಗಿನ ಯಾವ ಕೊಂಡಿಯನ್ನು ಬಿಡಿಸುತ್ತದೆ, ಬರಿಯ ನೀರು ಯಾವುದನ್ನು ಬಿಡಿಸುತ್ತದೆ, ಇವೆಲ್ಲ ಬಸ್ಸಿನಲ್ಲಿ ಕೂತು ಕಲಿಯುವ ವಿಷಯ.

ಆದರೆ ಓದಲು ಕೊಟ್ಟರೆ ಸಾಲದು, ಕೇಳಬೇಕು. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಃಶಾಸ್ತ್ರಜ್ಞರು 2006ರಲ್ಲಿ ಮಾಡಿದ ಪ್ರಯೋಗದಲ್ಲಿ ಒಂದು ತಮಾಷೆ ಇದೆ. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿಕೊಂಡವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಕಡಿಮೆ ಓದಿ ಜಾಸ್ತಿ ಪರೀಕ್ಷೆ ಬರೆದವರು ಅವರನ್ನು ಹಿಂದೆ ಹಾಕಿದ್ದರು. ನಿಮ್ಮ ಹುಡುಗಿಗೆ ಐದು ನಿಮಿಷದ ನೆನಪು ಏನೂ ಪ್ರಯೋಜನವಿಲ್ಲ. ಮುಂದಿನ ವಾರ ಕಲರ್‌ಗೆ ಬರುವ ಕಸ್ಟಮರ್ ಎದುರು ನೆನಪಾಗಬೇಕು, ಅಲ್ವಾ? ಹಾಗಾಗಿ ಅದೇ ಐದು ಪ್ರಶ್ನೆಯನ್ನು ಒಂದು ವಾರ ಬಿಟ್ಟು ಮತ್ತೆ ಕಳಿಸಿ, ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಕಳಿಸಿ. ಇದಕ್ಕೆ ಯಾವ ಪ್ಯಾಕೇಜೂ ಬೇಡ.

ಇನ್ನು ವಿಡಿಯೋ. ಇಲ್ಲಿ ನನ್ನದೇ ದಡ್ಡತನ ಹೇಳಿಬಿಡುತ್ತೇನೆ. ಮೊದಲ ಸಲ ಪಾಠದ ವಿಡಿಯೋ ಮಾಡಿದಾಗ ಫೋನನ್ನು ಎದುರಿಗೆ ನಿಲ್ಲಿಸಿ, ಮುಂದಿನ ಕ್ಯಾಮೆರಾದಲ್ಲೇ ನಲವತ್ತು ನಿಮಿಷ ರೆಕಾರ್ಡ್ ಮಾಡಿದೆ. ನಾನು ಚೆನ್ನಾಗಿ ಕಾಣುತ್ತಿದ್ದೆ, ಅದರಲ್ಲಿ ಅನುಮಾನ ಇಲ್ಲ. ಮರುದಿನ ನೋಡಿದರೆ ಮೂವರು ಡಮ್ಮಿ ತಲೆಯ ಬಲಕ್ಕೆ ಬೈತಲೆ ತೆಗೆದು ಕಾಯುತ್ತಾ ನಿಂತಿದ್ದಾರೆ. ನಾನು ತೆಗೆದದ್ದು ಎಡಕ್ಕೆ. ಆ ಫೋನ್ ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿ ಸೇವ್ ಮಾಡಿತ್ತು, ನನಗದು ಹೊಳೆದಿರಲಿಲ್ಲ. ಜೊತೆಗೆ ಡ್ರೈಯರ್ ಸದ್ದಿನಲ್ಲಿ ನಾನು ಹೇಳಿದ್ದು ಒಂದಕ್ಷರ ಕೇಳುತ್ತಿರಲಿಲ್ಲ. ಪೂರ್ತಿ ನೋಡಿದವರು ಯಾರೂ ಇರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಕಲಿತದ್ದು ಇಷ್ಟು. ಕ್ಯಾಮೆರಾ ಕತ್ತರಿಸುವವರ ಹೆಗಲ ಹಿಂದೆ, ಸ್ವಲ್ಪ ಮೇಲೆ ಇರಬೇಕು, ಕಲಿಯುವವರಿಗೆ ತಮ್ಮದೇ ಕೈ ನೋಡಿದ ಹಾಗೆ ಕಾಣಬೇಕು. ಹಿಂದಿನ ಕ್ಯಾಮೆರಾದಲ್ಲೇ ತೆಗೆಯಿರಿ. ಸೆಕೆಂಡಿಗೆ 60 ಫ್ರೇಮ್ ಇಟ್ಟರೆ ಮಣಿಕಟ್ಟಿನ ತಿರುವನ್ನು ನಿಧಾನಗತಿಯಲ್ಲಿ ನೋಡುವಾಗಲೂ ಮಸುಕಾಗುವುದು ಕಡಿಮೆ. ಒಂದು ವಿಡಿಯೋಗೆ ಒಂದೇ ಕೆಲಸ, ಮೂರು ನಿಮಿಷ ಮೀರಬಾರದು. ಮಾತನ್ನು ಆಮೇಲೆ ಶಾಂತವಾದ ಕೋಣೆಯಲ್ಲಿ ಕೂತು ಸೇರಿಸಿ.

ಆದರೆ ನೀವು ಮಾಡುವ ವಿಡಿಯೋಗಿಂತ ಅಪ್ರೆಂಟಿಸ್‌ಗಳು ಮಾಡುವ ವಿಡಿಯೋ ಮುಖ್ಯ. ಇದನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ, ಯಾಕೆಂದರೆ ಇದರಲ್ಲಿ ಮಾರುವುದಕ್ಕೆ ಏನೂ ಇಲ್ಲ. ಒಬ್ಬ ಹುಡುಗ ಒಂದೇ ಉದ್ದದ ಕಟ್ ಮಾಡುತ್ತಿದ್ದ. ಪ್ರತಿ ಸಲ ಬಲಗಡೆ ಅರ್ಧ ಸೆಂಟಿಮೀಟರ್ ಗಿಡ್ಡ. ಹೇಳಿ ಹೇಳಿ ಸಾಕಾಯಿತು. ‘ನಾನು ಸರಿಯಾಗೇ ಹಿಡಿದಿದ್ದೆ ಮೇಡಂ’ ಅಂತಲೇ ವಾದ. ಕೊನೆಗೆ ಅವನ ಫೋನನ್ನೇ ಸ್ಟ್ಯಾಂಡಿಗೆ ಸಿಕ್ಕಿಸಿ ರೆಕಾರ್ಡ್ ಮಾಡಿಸಿದೆ. ಇಬ್ಬರೂ ಕೂತು ನೋಡಿದೆವು. ಹೆಡತಲೆಯ ಹತ್ತಿರ ಎಲ್ಲ ಸರಿ. ಬಲಕಿವಿ ದಾಟುವ ಹೊತ್ತಿಗೆ ಅವನು ಪಕ್ಕಕ್ಕೆ ಹೆಜ್ಜೆ ಇಡುವುದೇ ಇಲ್ಲ! ನಿಂತಲ್ಲೇ ನಿಂತು ಸೊಂಟ ಬಾಗಿಸಿ ಕೈ ಚಾಚುತ್ತಾನೆ, ಮೊಣಕೈ ಮೇಲೇಳುತ್ತದೆ, ಹಿಡಿದ ಕೂದಲೂ ಅದರ ಜೊತೆ ಮೇಲೇಳುತ್ತದೆ. ಬೆರಳಲ್ಲಿ ತಪ್ಪು ಹುಡುಕುತ್ತಿದ್ದೆವು, ತಪ್ಪು ಕಾಲಲ್ಲಿತ್ತು. ಅವನು ತಾನೇ ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಎಳೆದು, ಇನ್ನೊಮ್ಮೆ ನೋಡಿ ‘ಓ’ ಅಂದ. ಅಷ್ಟೇ. ಮಾರನೇ ದಿನದಿಂದ ಕುರ್ಚಿ ಸುತ್ತ ನಡೆಯತೊಡಗಿದ.

ಈಗ ಯೋಜನೆಯಲ್ಲಿ ಎಲ್ಲರೂ ಮುಗ್ಗರಿಸುವ ಜಾಗ. ಆ ವಿಡಿಯೋಗಳನ್ನು ನೋಡುವವರು ಯಾರು? ನಿಮ್ಮ 12 ಜನ ವಾರಕ್ಕೆ ಎರಡೆರಡು ವಿಡಿಯೋ, ಒಂದೊಂದು ಹತ್ತು ನಿಮಿಷದ್ದು ಕಳಿಸಿದರೆ 240 ನಿಮಿಷ, ಅಂದರೆ ವಾರಕ್ಕೆ ನಾಲ್ಕು ಗಂಟೆ. ಅದು ಬರೀ ನೋಡುವುದಕ್ಕೆ. ಇಬ್ಬರು ಸೀನಿಯರ್‌ಗಳು ಮೊದಲ ವಾರ ನೋಡುತ್ತಾರೆ, ಎರಡನೇ ವಾರ ಓಡಿಸಿ ನೋಡುತ್ತಾರೆ, ಮೂರನೇ ವಾರ ಎಲ್ಲರಿಗೂ ‘ಗುಡ್’ ಅಂತ ಹಾಕುತ್ತಾರೆ. ನಾಲ್ಕನೇ ವಾರ ವಿಡಿಯೋ ಬರುವುದೇ ನಿಲ್ಲುತ್ತದೆ. ಎಲ್ಲರೂ ಸೇರಿ ‘ಇ-ಲರ್ನಿಂಗ್ ನಮ್ಮ ಲೈನಿಗೆ ಆಗಿಬರಲ್ಲ’ ಅಂತ ತೀರ್ಪು ಕೊಡುತ್ತಾರೆ. ಆದ್ದರಿಂದ ವಾರಕ್ಕೆ ತಲೆಗೊಂದು ವಿಡಿಯೋ, ಮೂರು ನಿಮಿಷ, ಜೊತೆಗೆ ಅವರದೇ ಒಂದು ಪ್ರಶ್ನೆ: ‘ಇಲ್ಲಿ ನನ್ನ ಬಾಚಣಿಗೆ ಸರಿ ಇದೆಯಾ?’ ಆಗ ನೋಡುವುದು 36 ನಿಮಿಷ, ಉತ್ತರ ಕೊಡುವುದು ಇನ್ನೊಂದು ಅಷ್ಟು. ಆ ಹೊತ್ತನ್ನು ಸೀನಿಯರ್ ಡ್ಯೂಟಿ ಪಟ್ಟಿಯಲ್ಲೇ ಬರೆದಿಡಿ, ಆ ಹೊತ್ತಿಗೆ ಅವರಿಗೆ ಕಸ್ಟಮರ್ ಕೊಡಬೇಡಿ. ಇದಕ್ಕೆ ಮನಸ್ಸಿಲ್ಲ ಅಂದರೆ ಉಳಿದ ಯಾವುದನ್ನೂ ಶುರು ಮಾಡಬೇಡಿ, ಸುಮ್ನೆ ದುಡ್ಡು ದಂಡ.

ಇನ್ನೊಂದು ಸಂಗತಿ, ಇದರಲ್ಲಿ ನಾನು ಸ್ವಲ್ಪ ಹೆದರುಪುಕ್ಕಲಿ ಅಂತಲೇ ಇಟ್ಟುಕೊಳ್ಳಿ. ಸಲೂನ್ ತುಂಬಾ ಕನ್ನಡಿ. ಕುರ್ಚಿಯಲ್ಲಿ ಕೂತವರ ಒಪ್ಪಿಗೆ ತಗೊಂಡು ಹಿಂದಿನಿಂದ ವಿಡಿಯೋ ಮಾಡಿದರೂ ಕನ್ನಡಿಯಲ್ಲಿ ಪಕ್ಕದ ಕುರ್ಚಿಯ ಹೆಂಗಸು ತಲೆಗೆ ಫಾಯಿಲ್ ಸುತ್ತಿಕೊಂಡು ಕೂತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅವರು ಒಪ್ಪಿಗೆ ಕೊಟ್ಟಿಲ್ಲ. ಗೋಡೆಗೆ ಮುಖ ಮಾಡಿದ ಒಂದು ಕುರ್ಚಿಯನ್ನು ವಿಡಿಯೋಗೆ ಅಂತಲೇ ಇಟ್ಟುಬಿಡಿ, ಕನ್ನಡಿಗೆ ಬಟ್ಟೆ ಹಾಕಿದರೂ ಆಯಿತು. ಒಪ್ಪಿಗೆ ಬರವಣಿಗೆಯಲ್ಲಿರಲಿ. ವಿಡಿಯೋ ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಅನ್ನುವುದೂ ಅದರಲ್ಲಿರಲಿ. ಅಪ್ರೆಂಟಿಸ್ ಅದನ್ನು ತನ್ನ ಸ್ಟೇಟಸ್‌ಗೆ ಹಾಕಿಕೊಂಡರೆ ನಾನಂತೂ ಆ ವಾರ ಅವರ ಕೈಗೆ ಕತ್ತರಿ ಕೊಡುವುದಿಲ್ಲ.

ಟ್ಯಾಬ್ಲೆಟ್ ವಿಷಯ. ಕಲರ್ ಮೆತ್ತಿದ ಗ್ಲೌಸ್ ಹಾಕಿಕೊಂಡು ಪರದೆ ಮುಟ್ಟುವವರು ಯಾರು? ಮಿಕ್ಸಿಂಗ್ ಅಳತೆಯನ್ನು ಲ್ಯಾಮಿನೇಟ್ ಮಾಡಿ ಗೋಡೆಗೆ ಅಂಟಿಸಿ, ಕಲರ್ ಮೆತ್ತಿದರೂ ಒರೆಸಿದರೆ ಹೋಗುತ್ತದೆ. ಪ್ಲಾಟ್‌ಫಾರ್ಮ್ ಬೇಕೇ ಬೇಕು ಅಂದರೆ ಮೂಡಲ್ ಇದೆ, 2002ರಿಂದ ಇದೆ, ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಾಗಿಲ್ಲ. ಅದರ ಮೊಬೈಲ್ ಆ್ಯಪ್‌ನಲ್ಲಿ ಪಾಠ ಡೌನ್‌ಲೋಡ್ ಮಾಡಿಕೊಂಡು ನೆಟ್ ಇಲ್ಲದಾಗಲೂ ನೋಡಬಹುದು. ನಡೆಸಿಕೊಂಡು ಹೋಗಲು ಒಬ್ಬರು ಗೊತ್ತಿರುವವರು ಮಾತ್ರ ಬೇಕು. ಬೇರೆ ಯಾರದ್ದನ್ನೇ ಕೊಂಡರೂ ಸಹಿ ಹಾಕುವ ಮೊದಲು ಇದನ್ನು ಕೇಳಿ: ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಪಾಠ, ನಮ್ಮ ಮಕ್ಕಳ ಅಂಕ, ಅವರ ಕೆಲಸದ ಫೋಟೋ, ಎಲ್ಲವನ್ನೂ ನಾವು ಹೊರಗೆ ತಗೊಂಡು ಹೋಗಬಹುದಾ? ತೋರಿಸಿ ಅನ್ನಿ. ತಡವರಿಸಿದರೆ ಎದ್ದು ಬನ್ನಿ.

ಪ್ರಶ್ನೆ: ಆನ್‌ಲೈನ್‌ನಲ್ಲೇ ಪೂರ್ತಿ ಹೇರ್‌ಕಟಿಂಗ್ ಕಲಿತು ಸರ್ಟಿಫಿಕೇಟ್ ತಗೊಂಡರೆ ಕೆಲಸ ಸಿಗುತ್ತದೆಯೇ?

ಉತ್ತರ: ಈಜನ್ನೂ ಹಾಗೇ ಕಲಿತು ನೀರಿಗಿಳಿದು ನೋಡಿ, ಆಮೇಲೆ ಕೇಳಿ.

ಪ್ರಶ್ನೆ: ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮಾಡಿ ಕಲಿಯುವವರು ಅಂತ ತರಬೇತಿಯಲ್ಲಿ ಹೇಳಿದರು. ಮೂರು ಗುಂಪು ಮಾಡಿ ಬೇರೆ ಬೇರೆ ಪಾಠ ತಯಾರಿಸಬೇಕೇ?

ಉತ್ತರ: ಬೇಡ. ಈ ಕಟ್ಟುಕಥೆ ಇನ್ನೂ ಸತ್ತಿಲ್ಲವಲ್ಲ ಅಂತ ಸಿಟ್ಟು ಬರುತ್ತದೆ. 2008ರಲ್ಲೇ ಮನಃಶಾಸ್ತ್ರಜ್ಞ ಪ್ಯಾಶ್ಲರ್ ಮತ್ತು ಸಂಗಡಿಗರು ಇದರ ಸಂಶೋಧನೆಗಳನ್ನೆಲ್ಲ ಜಾಲಾಡಿ, ಹೀಗೆ ಗುಂಪು ಮಾಡಿ ಕಲಿಸುವುದಕ್ಕೆ ತಕ್ಕ ಆಧಾರ ಇಲ್ಲ ಅಂದಿದ್ದಾರೆ. ಕೇಳಿ ಕಲಿಯುವ ಹುಡುಗನಿಗೆ 45 ಡಿಗ್ರಿಯಲ್ಲಿ ಕೂದಲು ಎತ್ತುವುದನ್ನು ಆಡಿಯೋದಲ್ಲಿ ಹೇಳುತ್ತೀರಾ? ಇದರ ತಮ್ಮ ಇನ್ನೊಂದಿದೆ, ‘ಓದಿದ್ದು ಶೇ 10 ನೆನಪಿರುತ್ತದೆ, ಮಾಡಿದ್ದು ಶೇ 90’ ಅನ್ನುವ ತ್ರಿಕೋನದ ಚಿತ್ರ. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಬರೆದ ಮೂಲ ಚಿತ್ರದಲ್ಲಿ ಒಂದೇ ಒಂದು ಶೇಕಡಾವಾರು ಅಂಕಿ ಇರಲಿಲ್ಲ. ಯಾರೋ ಆಮೇಲೆ ತುರುಕಿದ್ದು. ಸ್ಲೈಡಿನಲ್ಲಿ ಆ ತ್ರಿಕೋನ ಬಂದ ಕೂಡಲೇ ನಾನು ಕಾಫಿ ಕುಡಿಯಲು ಎದ್ದು ಹೋಗುತ್ತೇನೆ.

ಪ್ರಶ್ನೆ: ಕಸ್ಟಮರ್ ಫೋಟೋ ಹಾಕಿದರೆ ಕಲರ್ ಫಾರ್ಮುಲಾ ಹೇಳುವ ಆ್ಯಪ್ ಬಂದಿದೆ. ಅಪ್ರೆಂಟಿಸ್‌ಗಳಿಗೆ ಕೊಡಬಹುದೇ?

ಉತ್ತರ: ಅಭ್ಯಾಸಕ್ಕೆ ಕೊಡಿ. ಮೊದಲು ಅವರೇ ಫಾರ್ಮುಲಾ ಬರೆಯಲಿ, ಆಮೇಲೆ ಆ್ಯಪ್ ಏನನ್ನುತ್ತದೆ ನೋಡಲಿ, ಇಬ್ಬರಲ್ಲಿ ಯಾರು ತಪ್ಪು ಅಂತ ಜಗಳ ಆಡಲಿ. ತಲೆಗೆ ಹಾಕಲು ಬೇಡ. ಹಳದಿ ಬಲ್ಬಿನ ಕೆಳಗೆ ತೆಗೆದ ಫೋಟೋದಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ಆರು ತಿಂಗಳ ಹಿಂದೆ ಮನೆಯಲ್ಲಿ ಹಚ್ಚಿಕೊಂಡ ಬಣ್ಣದ ಪುಡಿ ಫೋಟೋದಲ್ಲಿ ಕಾಣುವುದೇ ಇಲ್ಲ. ಅದರಲ್ಲಿ ಲೋಹದ ಲವಣ ಇದ್ದು ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಬಿಸಿಯಾಗಿ ತುಂಡಾಗಬಹುದು. ಅದನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ‘ಆ್ಯಪ್‌ನಲ್ಲಿ ಸೇಫ್ ಅಂತ ಬಂತು’ ಅಂತ 48 ಗಂಟೆ ಮೊದಲಿನ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಸ್ವಲ್ಪ ಹಚ್ಚಿ ಅಲರ್ಜಿ ಆಗುತ್ತದಾ ಅಂತ ನೋಡುವುದು) ಬಿಟ್ಟವರ ಜೊತೆ ನನಗೆ ಮಾತೇ ಇಲ್ಲ.

ಪ್ರಶ್ನೆ: ಯಾವ ಆ್ಯಪ್ ಬೆಸ್ಟ್?

ಉತ್ತರ: ಮೊದಲ ಪ್ರಶ್ನೆಯ ಉತ್ತರ ಮತ್ತೆ ಓದಿ.

ಪ್ರಶ್ನೆ: ನಮ್ಮಲ್ಲಿ ಒಬ್ಬಳು ಎಡಚಿ. ಎಲ್ಲ ವಿಡಿಯೋಗಳನ್ನೂ ಉಲ್ಟಾ ತಿರುಗಿಸಿ ತೋರಿಸಿದರೆ ಸಾಕೇ?

ಉತ್ತರ: ಕೊನೆಗೂ ಒಂದು ಒಳ್ಳೆಯ ಪ್ರಶ್ನೆ. ತಿರುಗಿಸಿದರೆ ಕೈ ಸರಿ ಕಾಣುತ್ತದೆ, ಆದರೆ ಬೈತಲೆಯೂ ತಿರುಗಿಬಿಡುತ್ತದೆ, ಅಕ್ಷರಗಳೂ ತಿರುಗುತ್ತವೆ, ಅದನ್ನು ಮೊದಲೇ ಹೇಳಿ. ಮತ್ತೆ ಅವಳ ಕೈಯಲ್ಲಿರುವ ಕತ್ತರಿ ನೋಡಿದ್ದೀರಾ? ಬಲಗೈಯವರ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬೆರಳಿನ ಒತ್ತಡ ಅಲಗುಗಳನ್ನು ಒಂದರಿಂದ ಒಂದು ದೂರ ತಳ್ಳುತ್ತದೆ, ಕೂದಲು ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತದೆ. ಎಡಗೈ ಕತ್ತರಿಯಲ್ಲಿ ಅಲಗುಗಳ ಜೋಡಣೆಯೇ ಅದಲುಬದಲು. ಮೊದಲು ಅದನ್ನು ತರಿಸಿ ಕೊಡಿ. ವಿಡಿಯೋ ಆಮೇಲೆ.