ಪಿ53 ಹೆಚ್ಚಿದ್ದರೆ ಒಳ್ಳೆಯದಲ್ಲವೇ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪಿ53 ಎಂಬ ಪ್ರೋಟೀನನ್ನು ನಾವು ‘ಕ್ಯಾನ್ಸರ್ ತಡೆಯುವ ಕಾವಲುಗಾರ’ ಎಂದು ಕರೆದಿದ್ದೆವು. ತಮ್ಮ ಅತ್ತಿಗೆಯವರ ಬಯಾಪ್ಸಿ ವರದಿಯಲ್ಲಿ ‘ಪಿ53 ಸ್ಟ್ರಾಂಗ್ ಪಾಸಿಟಿವ್’ ಎಂದಿದ್ದುದನ್ನು ಓದಿ ಮನೆಯವರೆಲ್ಲ ಸಮಾಧಾನಪಟ್ಟರೆಂದೂ, ವೈದ್ಯರು ಮಾತ್ರ ಅದನ್ನು ಶುಭಸೂಚನೆಯೆಂದು ಒಪ್ಪಲಿಲ್ಲವೆಂದೂ ಬರೆದಿದ್ದೀರಿ. ತಪ್ಪು ವರದಿಯದೋ ಪತ್ರಿಕೆಯದೋ ಎಂದು ಕೇಳಿದ್ದೀರಿ. ತಪ್ಪು ನಮ್ಮದೇ. ಆ ಪ್ರೋಟೀನು ಏನು ಮಾಡುತ್ತದೆಂದು ಹೇಳಿ, ಎಲ್ಲಿದ್ದು ಮಾಡುತ್ತದೆ, ಯಾವಾಗ ಮಾಡಲಾರದು ಎಂಬುದನ್ನು ಬಿಟ್ಟುಬಿಟ್ಟೆವು.

ಪಿ53 ಬೇರೆ ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನು. ಡಿಎನ್‌ಎಗೆ ಪೆಟ್ಟಾದಾಗ ಅದು ಕೋಶಕೇಂದ್ರದಲ್ಲಿ ಶೇಖರವಾಗಿ, ನಾಲ್ಕು ಅಣುಗಳು ಒಂದಾಗಿ ಡಿಎನ್‌ಎಯನ್ನು ಹಿಡಿದುಕೊಂಡು, ಕೋಶವಿಭಜನೆಯನ್ನು ನಿಲ್ಲಿಸುವ ಇಲ್ಲವೇ ಕೋಶವನ್ನೇ ಸಾಯಿಸುವ ಜೀನ್‌ಗಳಿಗೆ ಚಾಲನೆ ಕೊಡುತ್ತದೆ. ಹೀಗೆ ಚಾಲನೆ ಪಡೆಯುವವುಗಳಲ್ಲಿ ಎಂಡಿಎಂ2 ಕೂಡ ಒಂದು. ಇದರಿಂದ ತಯಾರಾಗುವ ಪ್ರೋಟೀನಿನ ಕೆಲಸವೆಂದರೆ ಪಿ53ಕ್ಕೇ ನಾಶದ ಗುರುತು ಅಂಟಿಸಿ, ಕೋಶಕೇಂದ್ರದಿಂದ ಹೊರಗಟ್ಟಿ, ಚೂರುಮಾಡಲು ಒಪ್ಪಿಸುವುದು. ತನ್ನ ಅಂತ್ಯವನ್ನು ತಾನೇ ಕರೆದುಕೊಳ್ಳುವ ಈ ಏರ್ಪಾಡಿನಿಂದಾಗಿ, ಆರೋಗ್ಯವಂತ ಕೋಶದಲ್ಲಿ ಪಿ53 ಕೆಲವು ನಿಮಿಷಗಳಿಗಿಂತ ಹೆಚ್ಚು ಬಾಳುವುದಿಲ್ಲ.

ಈಗ ಸೂಕ್ಷ್ಮದರ್ಶಕದ ಕೆಳಗಿನ ಗಾಜಿನ ಸ್ಲೈಡನ್ನು ನೋಡೋಣ. ಪಿ53ಕ್ಕೆ ಅಂಟುವ ಪ್ರತಿಕಾಯವನ್ನು ಹಾಕಿ ಬಣ್ಣ ಬರಿಸಿದಾಗ ಆ ಪ್ರೋಟೀನು ಇರುವ ಕೋಶಕೇಂದ್ರಗಳು ಕಂದಾಗಿಯೂ ಇಲ್ಲದವು ನೀಲಿಯಾಗಿಯೂ ಕಾಣುತ್ತವೆ. ಪಿ53 ತಯಾರಿಸುವ ಜೀನ್ ಸರಿಯಿದ್ದರೆ ಕಂದು ಬಣ್ಣ ಅಲ್ಲೊಂದು ಇಲ್ಲೊಂದು ಕೋಶದಲ್ಲಿ, ಒಂದರಲ್ಲಿ ತೆಳುವಾಗಿ ಮತ್ತೊಂದರಲ್ಲಿ ಗಾಢವಾಗಿ ಇರುತ್ತದೆ. ಜೀನ್ ಕೆಟ್ಟಿದ್ದರೆ ಬಹುಪಾಲು ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಪ್ರತಿ ಕೋಶಕೇಂದ್ರವೂ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿರುತ್ತದೆ; ವರದಿಯ ‘ಸ್ಟ್ರಾಂಗ್ ಪಾಸಿಟಿವ್’ ಎಂದರೆ ಈ ಗಾಢ ಬಣ್ಣವೇ. ಪಿ53 ಎಂಬುದು 393 ಅಮೈನೋ ಆಮ್ಲಗಳೆಂಬ ಕೊಂಡಿಗಳ ಸರಪಳಿ; ಅದರಲ್ಲಿ 248ನೆಯದಾದ ಅರ್ಜಿನೀನ್ ಒಂದು ಬದಲಾದರೂ ಸಾಕು, ಡಿಎನ್‌ಎ ಮೇಲಿನ ಹಿಡಿತ ತಪ್ಪುತ್ತದೆ. ಎಂಡಿಎಂ2 ಸಾಕಷ್ಟು ತಯಾರಾಗುವುದಿಲ್ಲ. ನಿಷ್ಕ್ರಿಯ ಪಿ53 ನಾಶವಾಗದೆ ರಾಶಿಬೀಳುತ್ತದೆ. ಸಾಲದ್ದಕ್ಕೆ, ನಾಲ್ಕರ ಗುಂಪಿಗೆ ಸೇರಿಕೊಂಡು ಸರಿಯಾದ ಪ್ರತಿಗಳನ್ನೂ ಕೆಲಸಗೆಡಿಸುತ್ತದೆ. ಸ್ಲೈಡಿನಲ್ಲಿ ಕಂದು ಬಣ್ಣ ಒಂದಿಷ್ಟೂ ಇಲ್ಲದಿದ್ದರೆ ಅದೂ ಜೀನ್ ಕಳೆದುಹೋಗಿರುವ ಸೂಚನೆಯೇ.

ತಾವು ಮೋಸಹೋದಿರೆಂದು ಬೇಸರಪಡಬೇಡಿ. 1979ರಲ್ಲಿ ಪಿ53 ಪತ್ತೆಯಾದಾಗ, ಗಡ್ಡೆಗಳಲ್ಲಿ ಅದು ಹೇರಳವಾಗಿದ್ದುದನ್ನು ಕಂಡ ವಿಜ್ಞಾನಿಗಳು ಅದೇ ಕ್ಯಾನ್ಸರ್ ತರುತ್ತದೆಂದು ನಂಬಿದ್ದರು. ತಾವು ಪ್ರಯೋಗಕ್ಕೆ ಬಳಸುತ್ತಿದ್ದುದು ಕೆಟ್ಟ ಪ್ರತಿ ಎಂಬುದು ಅವರಿಗೆ ಸ್ಪಷ್ಟವಾದದ್ದು 1989ರಲ್ಲಿ.

ಮನುಷ್ಯರ ಗಡ್ಡೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನ್ ಕೆಟ್ಟಿರುತ್ತದೆ. ಉಳಿದವುಗಳಲ್ಲಿ ಜೀನನ್ನು ಮುಟ್ಟದೆಯೇ ಪಿ53 ಅನ್ನು ಕೆಲಸಗೆಡಿಸುವ ದಾರಿಗಳಿವೆ. ಮೂಳೆ, ಕೊಬ್ಬು, ಸ್ನಾಯುಗಳಂಥ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರುಗಳಾದ ಸಾರ್ಕೋಮಾಗಳಲ್ಲಿ ಕೆಲವು ಎಂಡಿಎಂ2 ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಳ್ಳುತ್ತವೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಪ್ಯಾಪಿಲೋಮಾ ವೈರಸ್ಸಿನ ಇ6 ಪ್ರೋಟೀನು ಪಿ53 ಅನ್ನು ನಾಶಕ್ಕೆ ದೂಡುತ್ತದೆ. ಕೆಲವು ಸ್ತನದ ಗಡ್ಡೆಗಳಲ್ಲಂತೂ ಸರಿಯಾದ ಪಿ53 ಕೋಶಕೇಂದ್ರಕ್ಕೆ ಹೋಗದೆ ಹೊರಗಿನ ಕೋಶದ್ರವ್ಯದಲ್ಲಿಯೇ ಉಳಿದಿರುವುದನ್ನು ಕಂಡಿದ್ದಾರೆ. ಕೋಶಕೇಂದ್ರದ ರಂಧ್ರಗಳ ಮೂಲಕ ಇಂಥ ಪ್ರೋಟೀನುಗಳನ್ನು ಹೊರಗೆ ಸಾಗಿಸುವ ಎಕ್ಸ್‌ಪೋರ್ಟಿನ್-1 ಎಂಬ ಪ್ರೋಟೀನನ್ನು ತಡೆಯುವ ಸೆಲಿನೆಕ್ಸಾರ್ ಎಂಬ ಔಷಧಿಗೆ ಅಮೆರಿಕದಲ್ಲಿ 2019ರಲ್ಲಿ, ಮಲ್ಟಿಪಲ್ ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರಿನ ಚಿಕಿತ್ಸೆಗೆಂದು, ಅನುಮತಿ ದೊರೆಯಿತು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಕೋಶದ ಅಂಚಿನಲ್ಲಿರಬೇಕಾದ ಬೀಟಾ-ಕೆಟೆನಿನ್ ಎಂಬ ಪ್ರೋಟೀನು, ಅದನ್ನು ಹದ್ದುಬಸ್ತಿನಲ್ಲಿಡುವ ಎಪಿಸಿ ಎಂಬ ಇನ್ನೊಂದು ಪ್ರೋಟೀನು ಕೆಟ್ಟಾಗ, ಕೋಶಕೇಂದ್ರಕ್ಕೆ ನುಗ್ಗಿ ಬೆಳವಣಿಗೆಯ ಜೀನ್‌ಗಳನ್ನು ಎಬ್ಬಿಸುತ್ತದೆ.

ಅತ್ತಿಗೆಯವರ ವರದಿಯ ಆ ಒಂದು ಸಾಲಿನಿಂದ ರೋಗದ ಗತಿಯನ್ನು ಹೇಳಲಾಗದು; ಗಡ್ಡೆ ಯಾವ ಅಂಗದ್ದು, ಯಾವ ಬಗೆಯದು ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ಮುಂದಿನ ಭೇಟಿಯಲ್ಲಿ ಈ ಸಾಲಿನಿಂದ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ವೈದ್ಯರನ್ನೇ ಕೇಳಿ. ನಮ್ಮ ಲೇಖನದ ವಾಕ್ಯವನ್ನು ಮುಂದಿನ ಸಂಚಿಕೆಯಲ್ಲಿ ತಿದ್ದಿ ಪ್ರಕಟಿಸುತ್ತೇವೆ.

— ಸಂ.