ಸಂಪಾದಕರ ಉತ್ತರ: ಪುಸ್ತಕ ಬರೆಯದ ವಿದ್ವಾಂಸರು

ಬ್ರಹ್ಮಾವರದ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಶ್ರದ್ಧಾಂಜಲಿಯನ್ನು ಓದಿ ನೀವು ಬರೆದ ಪತ್ರ ತಲುಪಿತು. ಹೆಸರು ಪ್ರಕಟಿಸುವುದು ಬೇಡವೆಂದು ಕೋರಿದ್ದೀರಿ, ಹಾಗೆಯೇ ಆಗಲಿ. ಪತ್ರವನ್ನು ನೋಡದ ಓದುಗರಿಗಾಗಿ ಅದರ ಸಾರ ಇಷ್ಟು: ಉಡುಪಿಯ ಕಾಲೇಜಿನಲ್ಲಿ ನಮಗಿಬ್ಬರಿಗೂ ಕನ್ನಡ ಕಲಿಸಿ, ಈಚೆಗೆ ತೀರಿಕೊಂಡ ಗುರುಗಳನ್ನು ನಾನು ‘ದೊಡ್ಡ ವಿದ್ವಾಂಸರು’ ಎಂದು ಕರೆದಿದ್ದೆ. ಒಂದು ಪುಸ್ತಕವನ್ನೂ ಪ್ರಕಟಿಸದವರನ್ನು ಹಾಗೆ ಕರೆಯುವುದು ಶಿಷ್ಯನ ಅಭಿಮಾನದ ಅತಿಶಯವಲ್ಲವೇ ಎಂದು ನೀವು ಕೇಳಿದ್ದೀರಿ. ನಿಮ್ಮ ಪ್ರಬಂಧವೊಂದನ್ನು ಅವರು ಮೂರು ಸಲ ಹಿಂದಿರುಗಿಸಿದ್ದು ಆ ವಯಸ್ಸಿನಲ್ಲಿ ನಿಮಗೆ ಅವಮಾನವೆನಿಸಿತ್ತೆಂದೂ, ನನ್ನ ಬರಹದಲ್ಲಿ ಅವರ ಆ ಬಿಗುವಿನ ಸುಳಿವೇ ಇಲ್ಲವೆಂದೂ ಬರೆದಿದ್ದೀರಿ.

ಎರಡನೆಯದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಸುದ್ದಿ ಬಂದ ರಾತ್ರಿಯೇ, ಪುಟಗಳು ಮುದ್ರಣಕ್ಕೆ ಹೋಗುವ ಹೊತ್ತಿನಲ್ಲಿ ಕುಳಿತು ಬರೆದದ್ದು ಅದು. ‘ಅಪಾರ ಪಾಂಡಿತ್ಯ, ಸರಳ ಬದುಕು, ಶಿಷ್ಯವಾತ್ಸಲ್ಯ’ ಎಂಬ ಮಾತುಗಳು ಯಾವ ಅಧ್ಯಾಪಕರ ಭಾವಚಿತ್ರದ ಕೆಳಗೂ ಹೊಂದಿಕೊಳ್ಳುತ್ತವೆ. ನಮ್ಮ ಗುರುಗಳೇ ಅದನ್ನು ಓದಿದ್ದರೆ ಒಂದೊಂದು ವಿಶೇಷಣದ ಅಡಿಗೂ ಗೆರೆ ಎಳೆದು ‘ಉದಾಹರಣೆ?’ ಎಂದು ಬರೆಯುತ್ತಿದ್ದರು. ಆದರೆ ‘ವಿದ್ವಾಂಸರು’ ಎಂಬ ಮಾತನ್ನು ನಾನು ಹಿಂದೆಗೆದುಕೊಳ್ಳಲಾರೆ. ಅಂದು ಕೊಡದೆ ಹೋದ ಉದಾಹರಣೆಗಳನ್ನು ಈಗ ಕೊಡುತ್ತೇನೆ.

ನಾನು ಪದವಿಯ ಮೊದಲ ವರ್ಷದಲ್ಲಿದ್ದಾಗಿನ ಮಾತು. ಕಲ್ಯಾಣಪುರದ ಹೊಳೆಯಿಂದಾಚೆಯ, ಎಂದರೆ ನಿಮ್ಮ ಕಡೆಯ, ಹುಡುಗನೊಬ್ಬ ತರಗತಿಯಲ್ಲಿ ಏನನ್ನೋ ಹೇಳಲು ಎದ್ದು ನಿಂತವನು ಮನೆಯ ಮಾತಿನಂತೆಯೇ ‘ಬಪ್ಪುದು’ ಎಂದುಬಿಟ್ಟ. ಉಡುಪಿ ಪೇಟೆಯ ನಾವೆಲ್ಲ ನಕ್ಕೆವು, ಹುಡುಗ ತಲೆ ತಗ್ಗಿಸಿದ. ಗುರುಗಳು ನಗುವವರನ್ನು ಗದರಿಸಲಿಲ್ಲ. ಓದುತ್ತಿದ್ದ ಹಳಗನ್ನಡ ಕಾವ್ಯವನ್ನು ಮಡಚಿಟ್ಟು, ಹಲಗೆಯ ಮೇಲೆ ‘ಬರ್ಪುದು, ಪೋಪುದು’ ಎಂದು ಬರೆದರು. ಅದರ ಕೆಳಗೆ ‘ಬಪ್ಪುದು, ಹೋಪುದು’, ಅದರ ಕೆಳಗೆ ‘ಬರುವುದು, ಹೋಗುವುದು’. ಹಳಗನ್ನಡದ ಪದಾದಿಯ ಪಕಾರ ಹಕಾರವಾಗಿ ‘ಪೋಗು’ ಎಂಬುದು ‘ಹೋಗು’ ಆದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ, ಆ ಹುಡುಗನ ಮನೆಮಾತಾದ, ಕುಂದಾಪುರದ ಕಡೆಯ ಕುಂದಗನ್ನಡದಲ್ಲಿಯೂ ಅದು ಆಗಿದೆ. ಆದರೆ ಪದದ ನಡುವಿನ ಪಕಾರವನ್ನು ಪುಸ್ತಕದ ಹೊಸಗನ್ನಡ ಕಳೆದುಕೊಂಡರೂ ಕುಂದಗನ್ನಡ ಉಳಿಸಿಕೊಂಡಿದೆ, ಹವ್ಯಕರ ಮಾತೂ ಉಳಿಸಿಕೊಂಡಿದೆ. ಇಷ್ಟನ್ನು ವಿವರಿಸಿ, ‘ಪಂಪನ ಕಿವಿಗೆ ಈ ಹುಡುಗನ ಮಾತು ನಿಮ್ಮೆಲ್ಲರ ಮಾತಿಗಿಂತ ಹತ್ತಿರ’ ಎಂದರು. ಮುಂದಿನ ವಾರ ಪ್ರತಿಯೊಬ್ಬರೂ ಮನೆಯ ಹಿರಿಯರಿಂದ ಇಂಥ ಇಪ್ಪತ್ತು ರೂಪಗಳನ್ನು ಬರೆದು ತರಬೇಕೆಂದರು. ನಕ್ಕವರಲ್ಲಿ ನಾನೂ ಒಬ್ಬ. ಆ ವಾರ ನಾನು ನನ್ನ ಅಜ್ಜಿಯ ಬಳಿ ಕುಳಿತು ಕೇಳಿಸಿಕೊಂಡಷ್ಟನ್ನು ಅದಕ್ಕೆ ಮೊದಲು ಎಂದೂ ಕೇಳಿಸಿಕೊಂಡಿರಲಿಲ್ಲ.

ವ್ಯಾಕರಣದ ಆ ಸಂಗತಿ ಪುಸ್ತಕಗಳಲ್ಲಿ ಇದೆ, ನಿಜ. ಅದನ್ನು ಯಾವ ಕ್ಷಣದಲ್ಲಿ, ಯಾರ ಎದುರಿಗೆ, ಯಾರ ಪರವಾಗಿ ಹೊರತೆಗೆಯಬೇಕೆಂಬ ತಿಳಿವಳಿಕೆಯನ್ನು ನಾನು ವಿದ್ವತ್ತಿನ ಹೊರಗಿಡಲಾರೆ.

ಇನ್ನು ಹಿಂದಿರುಗಿಸಿದ ಪ್ರಬಂಧಗಳ ವಿಷಯ. ನನ್ನದೂ ಒಂದಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ದೋಣಿಗಳು ಹೆಚ್ಚಿದಂತೆ ನಮ್ಮ ಕರಾವಳಿಯ ರಂಪಣಿ ಮೀನುಗಾರಿಕೆ ಹಿಂದೆ ಸರಿಯಿತು. ಹತ್ತಾರು ಜನ ದಡದಲ್ಲಿ ಎರಡು ಸಾಲಾಗಿ ನಿಂತು ಹಗ್ಗ ಎಳೆದು, ಬೂತಾಯಿ, ಬಂಗುಡೆಗಳ ರಾಶಿಯನ್ನು ಮರಳಿಗೆ ತರುತ್ತಿದ್ದ ಆ ಬಲೆಯೊಂದಿಗೆ ಅದರ ಮಾತುಗಳೂ ಹೋಗುತ್ತವೆಂಬುದು ಗುರುಗಳ ಆತಂಕವಾಗಿತ್ತು. ಮಲ್ಪೆಯ ಮೀನುಗಾರರ ಪದಗಳ ಬಗ್ಗೆ ಬರೆಯಲು ನನಗೆ ಹೇಳಿದರು. ನಾನು ಗ್ರಂಥಾಲಯದಲ್ಲಿ ಕುಳಿತು, 1886ರ ಮ್ಯಾನರ್ ತುಳು ನಿಘಂಟನ್ನೂ 1894ರ ಕಿಟೆಲ್ ಕೋಶವನ್ನೂ ತಿರುವಿ, ಹನ್ನೆರಡು ಪುಟ ಬರೆದುಕೊಟ್ಟೆ. ಮೂರು ದಿನಗಳಲ್ಲಿ ಅದು ಮರಳಿ ಬಂತು. ಪ್ರತಿ ಪದದ ಪಕ್ಕದ ಅಂಚಿನಲ್ಲಿಯೂ ಪೆನ್ಸಿಲಿನ ಅದೇ ಸಣ್ಣ ಅಕ್ಷರ: ‘ಯಾರು ಹೇಳಿದರು? ಯಾವ ಊರು? ವಾಕ್ಯ ಎಲ್ಲಿ?’

ಆಮೇಲೆ ಒಂದು ಭಾನುವಾರ ನಸುಕಿನಲ್ಲಿ ಅವರೇ ನನ್ನನ್ನು ಮಲ್ಪೆಗೆ ಕರೆದುಕೊಂಡು ಹೋದರು. ರಂಪಣಿ ಎಳೆದು ಎಳೆದು ಅಂಗೈ ಗಟ್ಟಿಯಾಗಿದ್ದ ಹಿರಿಯರೊಬ್ಬರ ಮುಂದೆ ಮರಳಿನ ಮೇಲೆ ಕುಳಿತು, ತುಳುವಿನಲ್ಲಿ ಮಾತನಾಡಿಸುತ್ತಾ, ನಡುವೆ ಒಮ್ಮೆಯೂ ಬಾಯಿ ಹಾಕದೆ ಎರಡು ಗಂಟೆ ಕೇಳಿದರು. ಕಾಗದದ ಚೀಟಿಯಲ್ಲಿ ಪದ, ಅದು ಬಂದ ಇಡೀ ವಾಕ್ಯ, ಹೇಳಿದವರ ಹೆಸರು, ಊರು, ಕಸುಬು. ಒಂದು ಚೀಟಿಗೆ ಒಂದೇ ಪದ. ಪ್ರಬಂಧ ಇನ್ನೆರಡು ಸಲ ಹಿಂದಿರುಗಿತು. ನಾಲ್ಕನೆಯ ಸಲ ಅಂಚುಗಳು ಖಾಲಿಯಾಗಿದ್ದವು, ಹೊಗಳಿಕೆಯೂ ಇರಲಿಲ್ಲ.

ಇಲ್ಲಿ ನಿಮ್ಮ ನೋವನ್ನು ನಾನು ತಳ್ಳಿಹಾಕುವುದಿಲ್ಲ. ಅವರಿಗೆ ಹೊಗಳಲು ಬರುತ್ತಿರಲಿಲ್ಲ, ಮತ್ತು ಅದು ಅವರ ಕೊರತೆಯೇ ಆಗಿತ್ತು. ಹದಿನೆಂಟು, ಹತ್ತೊಂಬತ್ತರ ವಯಸ್ಸಿನವರಿಗೆ ‘ಚೆನ್ನಾಗಿದೆ’ ಎಂಬ ಒಂದು ಮಾತು ಎಷ್ಟು ದೂರ ನಡೆಸುತ್ತದೆಂಬುದನ್ನು ಅವರು ಅರಿಯಬೇಕಿತ್ತು. ಆದರೆ ಅವರು ಕೆಂಪು ಶಾಯಿಯನ್ನು ಬಳಸಿದ್ದನ್ನು ನಾನು ಕಂಡಿಲ್ಲ. ಯಾವಾಗಲೂ ಪೆನ್ಸಿಲ್ ಏಕೆಂದು ಕೇಳಿದ್ದಕ್ಕೆ, ‘ನಾನು ಹೇಳಿದ್ದು ತಪ್ಪಾದರೆ ನೀನು ಅಳಿಸಬಹುದಲ್ಲ’ ಎಂದಿದ್ದರು.

ತಾವೇಕೆ ಪುಸ್ತಕ ಬರೆಯಲಿಲ್ಲವೆಂಬ ಪ್ರಶ್ನೆಗೆ ಅವರು ಎಂದೂ ನೇರವಾಗಿ ಉತ್ತರಿಸಲಿಲ್ಲ. ಒಮ್ಮೆ ಮಾತ್ರ ನಂದಳಿಕೆಯ ಲಕ್ಷ್ಮೀನಾರಣಪ್ಪನವರ ಮಾತು ತೆಗೆದರು. 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿ ದುಡಿದು, 1901ರಲ್ಲಿ ಮೂವತ್ತೊಂದರ ಪ್ರಾಯದಲ್ಲಿಯೇ ತೀರಿಕೊಂಡ ಅವರು, ಇಂದು ನಾವು ಮುದ್ದಣನೆಂದು ಕೊಂಡಾಡುವ ಕವಿ. ತನ್ನ ಕೃತಿಯನ್ನು ತನ್ನದೆಂದು ಹೇಳಿಕೊಳ್ಳದೆ ಅಚ್ಚಿಗೆ ಕಳುಹಿಸಿದ ಆ ಮೇಷ್ಟರ ಕಥೆಯನ್ನು ಹೇಳಿ ಗುರುಗಳು ಸುಮ್ಮನಾದರು. ಅದು ಉತ್ತರವಾಗಿತ್ತೋ ಇಲ್ಲವೋ, ನಾನು ಅರ್ಥ ಕಟ್ಟಲು ಹೋಗುವುದಿಲ್ಲ.

ಆದರೆ ಒಂದು ಮಾತು. ಎಂ.ಜಿ.ಎಂ. ಕಾಲೇಜಿನ ಆವರಣದ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಡಾ. ಯು.ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟನ್ನು ನೀವೂ ಬಳಸಿರುತ್ತೀರಿ. ಊರೂರಿನ ಜನರ ಬಾಯಿಂದ ಪದ ಕೇಳಿ ಬರೆದುಕೊಳ್ಳದೆ ಅಂಥ ಕೋಶ ಹುಟ್ಟುವುದಿಲ್ಲ. ಹಾಗೆ ಕೇಳುವ ಕಿವಿಯನ್ನು ವರ್ಷಕ್ಕೆ ನಾಲ್ಕಾರು ಹುಡುಗ ಹುಡುಗಿಯರಲ್ಲಿ ತಯಾರಿಸುವುದೇ ನಮ್ಮ ಗುರುಗಳ ಇಡೀ ಜೀವಮಾನದ ಕೆಲಸವಾಗಿತ್ತು. ಅದು ಅವರ ಹೆಸರಿನಲ್ಲಿ ಯಾವ ಕಪಾಟಿನಲ್ಲಿಯೂ ಸಿಗುವುದಿಲ್ಲ, ನಮ್ಮಂಥವರ ಹಳೆಯ ಪ್ರಬಂಧಗಳ ಅಂಚಿನಲ್ಲಿ ಸಿಗುತ್ತದೆ.

ನಿಮ್ಮ ಆ ಪ್ರಬಂಧ ಇನ್ನೂ ಟ್ರಂಕಿನಲ್ಲಿದೆಯೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅವಮಾನ ಮಾಡಿದ ಕಾಗದವನ್ನು ನೀವು ಇಷ್ಟು ವರ್ಷ ಎಸೆಯದೆ ಇಟ್ಟುಕೊಂಡಿದ್ದೀರಿ. ನನ್ನದೂ ನನ್ನ ಬಳಿ ಇದೆ, ಪೆನ್ಸಿಲಿನ ಅಕ್ಷರ ಮಾಸುತ್ತಾ ಬಂದಿದೆ. ನಿಮ್ಮ ಪುಟಗಳ ಅಂಚಿನಲ್ಲಿ ಅವರು ಏನು ಬರೆದಿದ್ದಾರೆಂಬುದನ್ನು ಓದಲು ಆಗುವಾಗಲೇ ಒಂದು ಹಾಳೆಯಲ್ಲಿ ನಕಲು ಮಾಡಿ ಕಳುಹಿಸಿಕೊಡಿ. ನನ್ನ ಪ್ರಬಂಧದ ಅಂಚುಗಳ ಜತೆಗೆ ಅದನ್ನು ಮುಂದಿನ ಸಂಚಿಕೆಯಲ್ಲಿ ಹಾಗೆಯೇ ಅಚ್ಚು ಮಾಡುತ್ತೇನೆ.

ಸಂಪಾದಕ